ಪಾನ ಮತ್ತು ಗೋಷ್ಠಿ

ಮಹಾಕಾವ್ಯವೆನ್ನಿಸಿಕೊಳ್ಳಬೇಕಾದರೆ ಅದರಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂದು ನಮ್ಮ ಲಾಕ್ಷಣಿಕರು ವಿಧಿಸಿದ್ದಾರೆ. ಕಡಲು, ಬೆಟ್ಟ, ಪಟ್ಟಣ, ಋತು, ಚಂದ್ರೋದಯ, ಸೂರ್ಯೋದಯ ಎಂದು ಮುಂದುವರಿಯುವ ಆ ಪಟ್ಟಿಯಲ್ಲಿ ಮಧುಪಾನವೂ ಒಂದು. ತರಗತಿಯಲ್ಲಿ ಇದನ್ನು ಹೇಳಿಕೊಡುವಾಗ ಈ ಮಾತಿಗೆ ಬಂದೊಡನೆ ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ಒಂದು ನಗು ಏಳುತ್ತದೆ. ಮೂವತ್ತು ವರ್ಷಗಳಿಂದ ಹುಡುಗರು ಬದಲಾಗುತ್ತಿದ್ದಾರೆ. ಆ ನಗು ಮಾತ್ರ ಬದಲಾಗಿಲ್ಲ.

ಜಿನಧರ್ಮವನ್ನು ನೆಚ್ಚಿದ್ದ ಪಂಪನೂ ತನ್ನ ಭಾರತದಲ್ಲಿ ಪಾನಗೋಷ್ಠಿಯ ವರ್ಣನೆಯನ್ನು ಕೈಬಿಟ್ಟಿಲ್ಲ. ಈ ಪಾನಗೋಷ್ಠಿ ಎಂಬ ಸಮಾಸವನ್ನು ಸ್ವಲ್ಪ ಬಿಡಿಸಿ ನೋಡೋಣ. ಪಾನವೆಂದರೆ ಕುಡಿತ, ಅದಕ್ಕೆ ನಿಘಂಟು ಬೇಕಿಲ್ಲ. ಗೋಷ್ಠವೆಂದರೆ ದನಗಳು ಕೂಡುವ ದೊಡ್ಡಿ. ಅದರಿಂದ ಬಂದ ಗೋಷ್ಠಿ ಎಂದರೆ ಜನರು ಕೂಡಿ ಕುಳಿತು ಮಾತನಾಡುವ ಕೂಟ. ಹಗಲೆಲ್ಲ ಬೇರೆ ಬೇರೆ ಕಡೆ ಮೇದು ಬಂದವು ಸಂಜೆ ಒಂದೆಡೆ ಸೇರುವಂತೆ ಮನುಷ್ಯರೂ ಸೇರಬೇಕು, ಮೆಲುಕು ಹಾಕಬೇಕು ಎಂಬ ಭಾವ ಆ ಮಾತಿನಲ್ಲಿ ಅಡಗಿದೆ. ಕವಿಗಳು ಎರಡು ಮಾತುಗಳನ್ನೂ ಸೇರಿಸಿ ಹೇಳಿದರು. ನಮ್ಮ ಊರುಗಳಲ್ಲಿ ಈಗ ಪಾನ ಉಳಿದಿದೆ, ಗೋಷ್ಠಿ ಹೋಗಿದೆ. ಇಂಗ್ಲೆಂಡಿನ ಒಂದು ಹಳೆಯ ಸಂತೆಯೂರಿನಲ್ಲಿ, ಹೋಗಿದ್ದ ಗೋಷ್ಠಿ ಹಿಂದಿರುಗಿದ್ದನ್ನು ನಾನು ನೋಡಿಬಂದೆ. ಅದನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳುತ್ತೇನೆ.

ಮೊದಲಿಗೇ ಒಂದು ವಿಷಯವನ್ನು ಸ್ಪಷ್ಟಪಡಿಸಿಬಿಡುತ್ತೇನೆ. ನಾನು ಕುಡಿಯುವವನಲ್ಲ. ಈ ಭಾಷಣ ಕುಡಿತದ ಪರವಾಗಿ ವಹಿಸಿದ ವಕಾಲತ್ತೂ ಅಲ್ಲ. ಮೇಷ್ಟರು ಪಬ್ಬಿಗೆ ಹೋಗಿದ್ದರಂತೆ ಎಂಬ ಸುದ್ದಿ ನಮ್ಮೂರಿನಲ್ಲಿ ನನಗಿಂತ ಮೊದಲೇ ಬಂದು ಇಳಿದಿತ್ತು. ಆದ್ದರಿಂದ ನಡೆದದ್ದನ್ನು ನಡೆದ ಹಾಗೆಯೇ ಹೇಳುವುದು ಕ್ಷೇಮ.

2023ರ ಬೇಸಿಗೆ ರಜೆಯಲ್ಲಿ ಮಗಳ ಬಾಣಂತನಕ್ಕೆಂದು ನನ್ನ ಶ್ರೀಮತಿಯವರು ಮ್ಯಾಂಚೆಸ್ಟರಿಗೆ ಹೊರಟರು. ಪೆಟ್ಟಿಗೆಗಳ ಜೊತೆಗೆ ನಾನೂ ಹೊರಟೆ. ಬಾಣಂತಿಯ ಮನೆಯಲ್ಲಿ ಗಂಡಸಿಗೆ ಏನು ಕೆಲಸವಿರುತ್ತದೆಂಬುದು ನಿಮಗೆ ಗೊತ್ತೇ ಇದೆ. ಎಲ್ಲಿ ನಿಂತರೂ ಅದು ಯಾರಿಗೋ ಅಡ್ಡವಾದ ಜಾಗವೇ. ಹಾಗಿರುವಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬಂದು, ‘ಮೇಷ್ಟ್ರೇ, ಶನಿವಾರ ನನಗೆ ರಜ. ಒಂದು ಊರು ತೋರಿಸ್ತೀನಿ ಬನ್ನಿ’ ಎಂದು ಕರೆದ. ಅವನು ಅಲ್ಲಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಹೆಸರು ಹೇಳುವುದಿಲ್ಲ. ಅವನ ವಿಷಯವನ್ನು ಇಲ್ಲಿ ಹೇಳಲು ಅವನ ಒಪ್ಪಿಗೆ ಪಡೆದಿದ್ದೇನೆ. ಆ ಒಪ್ಪಿಗೆಗೆ ನಾನು ಹಾಕಿದ ಷರತ್ತು ಏನೆಂಬುದನ್ನು ಆಮೇಲೆ ತಿಳಿಸುತ್ತೇನೆ.

ಅವನು ತೋರಿಸಿದ ಊರು ಆಲ್ಟ್ರಿಂಗಮ್. ಬರೆಯುವುದು ಒಂದು ಬಗೆ, ಉಚ್ಚರಿಸುವುದು ಇನ್ನೊಂದು ಬಗೆ. ಬರಹದಲ್ಲಿರುವ ಚಕಾರವನ್ನು ನಂಬಿದವನು ದಾರಿ ಕೇಳುವಾಗ ಸಿಕ್ಕಿಬೀಳುತ್ತಾನೆ. ಮ್ಯಾಂಚೆಸ್ಟರಿನಿಂದ ನೈರುತ್ಯಕ್ಕೆ ಎಂಟು ಮೈಲಿ. ಟ್ರಾಮಿನಲ್ಲಿ ಕುಳಿತರೆ ಅರ್ಧ ಗಂಟೆಯ ದಾರಿ. ಸುಮಾರು ಐವತ್ತು ಸಾವಿರ ಜನರಿರುವ ಊರು.

ಇಂಗ್ಲೆಂಡಿನ ದೊರೆ ಮೊದಲನೆಯ ಎಡ್ವರ್ಡನು 1290ರಲ್ಲಿ ಈ ಊರಿಗೆ ಸಂತೆ ನಡೆಸುವ ಸನ್ನದನ್ನು ಕೊಟ್ಟನು. ಆಗ ನಮ್ಮಲ್ಲಿ ಹೊಯ್ಸಳರ ಆಳ್ವಿಕೆ. ಮುಂದೆ 1765ರಲ್ಲಿ ಬ್ರಿಜ್‌ವಾಟರ್ ಕಾಲುವೆ ಈ ಊರಿನ ಬಳಿಗೆ ಬಂತು. ಸುತ್ತಲಿನ ತೋಟಗಳ ತರಕಾರಿ ದೋಣಿಗಳಲ್ಲಿ ಮ್ಯಾಂಚೆಸ್ಟರಿಗೆ ಹೋಗತೊಡಗಿತು. 1849ರಲ್ಲಿ ರೈಲು ಬಂತು. ಮ್ಯಾಂಚೆಸ್ಟರಿನ ಅರಳೆಯ ವ್ಯಾಪಾರಿಗಳು ಹೊಗೆಯಿಂದ ತಪ್ಪಿಸಿಕೊಂಡು ಇಲ್ಲಿ ಮನೆ ಕಟ್ಟಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲೈನೊಟೈಪ್ ಎಂಬ ಅಚ್ಚುಮೊಳೆ ಎರಕದ ಯಂತ್ರಗಳನ್ನು ತಯಾರಿಸುವ ಕಾರ್ಖಾನೆ ಬಂತು. ಹೀಗೆ ಏಳು ನೂರು ವರ್ಷ ಊರು ಬಾಳಿತು.

ಬಾಳಿದ ಊರು ಕೆಡಲು ಹೆಚ್ಚು ಕಾಲ ಬೇಕಾಗಲಿಲ್ಲ. 1998ರಲ್ಲಿ ಕೆಲವೇ ಮೈಲಿಗಳ ಆಚೆ ಟ್ರ್ಯಾಫರ್ಡ್ ಸೆಂಟರ್ ಎಂಬ ದೊಡ್ಡ ಮಳಿಗೆಗಳ ಅರಮನೆ ತೆರೆಯಿತು. ಅಲ್ಲಿ ಮಳೆ ಬೀಳುವುದಿಲ್ಲ, ಕಾರು ನಿಲ್ಲಿಸಲು ಕಾಸಿಲ್ಲ, ಬೇಕಾದುದೆಲ್ಲ ಒಂದೇ ಸೂರಿನಡಿ. ಆಮೇಲೆ ಮನೆಯಲ್ಲೇ ಕುಳಿತು ಕೊಳ್ಳುವ ಕಾಲವೂ ಬಂತು. 2008ರ ಹಣಕಾಸಿನ ಮುಗ್ಗಟ್ಟು ಉಳಿದ ಕೆಲಸವನ್ನು ಪೂರೈಸಿತು. 2010ರ ಸುಮಾರಿಗೆ ಆಲ್ಟ್ರಿಂಗಮಿನ ಪೇಟೆಯಲ್ಲಿ ಹತ್ತಕ್ಕೆ ಮೂರರ ಹತ್ತಿರ ಅಂಗಡಿಗಳು ಬಾಗಿಲು ಹಾಕಿದ್ದವು. ಪತ್ರಿಕೆಗಳು ಇದನ್ನು ದೆವ್ವದ ಊರೆಂದು ಕರೆದವು. ಜನರಿದ್ದರು, ಜನರ ಕೈಯಲ್ಲಿ ಹಣವೂ ಇತ್ತು; ಪೇಟೆಗೆ ಬರಲು ಕಾರಣವೊಂದು ಇರಲಿಲ್ಲ.

ಇದಕ್ಕೆ ಮದ್ದೇನು? ನಮ್ಮಲ್ಲಾಗಿದ್ದರೆ ಇನ್ನೊಂದು ವಾಣಿಜ್ಯ ಸಂಕೀರ್ಣವನ್ನು ಕಟ್ಟಿ, ಅದಕ್ಕೆ ಗಣ್ಯರೊಬ್ಬರ ಹೆಸರನ್ನಿಟ್ಟು, ಅದರ ಮುಂದೆ ಅವರದೊಂದು ಪ್ರತಿಮೆಯನ್ನು ನಿಲ್ಲಿಸುತ್ತಿದ್ದೆವು. ಆಲ್ಟ್ರಿಂಗಮಿನಲ್ಲಿ ನಿಕ್ ಜಾನ್ಸನ್ ಎಂಬ ಉದ್ಯಮಿಯೂ ಅವರ ಸಂಗಡಿಗರೂ ಸೋತುಹೋಗಿದ್ದ ಹಳೆಯ ಸಂತೆಯನ್ನು ಕೌನ್ಸಿಲ್ಲಿನಿಂದ ವಹಿಸಿಕೊಂಡರು. ರಾಣಿ ವಿಕ್ಟೋರಿಯಾ ಕಾಲದ ಸಂತೆಯ ಕಟ್ಟಡವೊಂದಿತ್ತು, ಕೆಂಪು ಇಟ್ಟಿಗೆಯದು. ಅದರ ಒಳಗನ್ನು ಚೊಕ್ಕಟಮಾಡಿ, ಗೋಡೆಗಳಿಗೆ ಒತ್ತಿಕೊಂಡು ಅಡಿಗೆಯ ಸಣ್ಣ ಸಣ್ಣ ಅಂಗಡಿಗಳನ್ನಿಟ್ಟು, ನಡುವಿನ ಜಾಗವನ್ನೆಲ್ಲ ಉದ್ದುದ್ದನೆಯ ಮರದ ಮೇಜು ಬೆಂಚುಗಳಿಗೆ ಬಿಟ್ಟರು. ಇದು 2014ರ ಮಾತು. ಮಾಡಿದ್ದು ಇಷ್ಟೇ: ಕೊಳ್ಳುವ ಜಾಗದ ನಡುವೆ ಕೂರುವ ಜಾಗ.

ನಾವು ಒಳಹೊಕ್ಕಾಗ ಮಧ್ಯಾಹ್ನ ಎರಡು ಗಂಟೆ. ಖಾಲಿ ಬೆಂಚನ್ನು ಹುಡುಕುವುದೇ ಕಷ್ಟವಾಯಿತು. ಕೊನೆಗೆ ಒಂದು ಮೇಜಿನಲ್ಲಿ ಇಬ್ಬರು ಮುದುಕಿಯರು ಸರಿದು ಜಾಗ ಮಾಡಿಕೊಟ್ಟರು. ಎದುರಿಗೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡ ದಂಪತಿಗಳು. ಪಕ್ಕದಲ್ಲಿ ಸುಣ್ಣಬಣ್ಣದ ಕೆಲಸದಿಂದ ಹಾಗೇ ಬಂದಿದ್ದ ಇಬ್ಬರು ಆಳುಗಳು. ಮದುವೆಮನೆಯ ಪಂಕ್ತಿಯಂತೆ ಅಪರಿಚಿತರೆಲ್ಲ ಒಂದೇ ಸಾಲಿನಲ್ಲಿ. ಇಂಗ್ಲಿಷರು ಪರಿಚಯವಿಲ್ಲದವರೊಡನೆ ಮಾತನಾಡುವುದಿಲ್ಲವೆಂದು ನಾನು ಓದಿದ್ದೆ. ಉಪ್ಪಿನ ಡಬ್ಬಿಯನ್ನು ಕೇಳುವ ನೆವದಲ್ಲಿ ಆ ಮುದುಕಿಯರು ಆರಂಭಿಸಿದ ಮಾತು ನಮ್ಮ ಮಗಳ ಕೂಸಿನ ತೂಕವನ್ನು ತಿಳಿದುಕೊಳ್ಳುವವರೆಗೆ ನಿಲ್ಲಲಿಲ್ಲ.

ಸಂತೆಯ ಮನೆಗೆ ಜನ ಬರತೊಡಗಿದ ಮೇಲೆ ಅದರ ಸುತ್ತಲಿನ ಬೀದಿಗಳೂ ಕಣ್ಣುಬಿಟ್ಟವು. ಬಾಗಿಲು ಹಾಕಿದ್ದ ಅಂಗಡಿಗಳಲ್ಲಿ ಕೆಲವು ಪುಸ್ತಕದಂಗಡಿಗಳಾದವು, ಕೆಲವು ಕಾಫಿಯ ಅಂಗಡಿಗಳಾದವು, ಮತ್ತೆ ಕೆಲವು ಪುಟ್ಟ ಪುಟ್ಟ ಪಾನಗೃಹಗಳಾದವು. 2018ರಲ್ಲಿ ಇಂಗ್ಲೆಂಡಿನ ಅತ್ಯುತ್ತಮ ಪೇಟೆಬೀದಿ ಎಂಬ ಬಹುಮಾನವು ಈ ದೆವ್ವದ ಊರಿಗೇ ಬಂತು.

ಈ ಪುಟ್ಟ ಪಾನಗೃಹಗಳನ್ನು ಅಲ್ಲಿನವರು ಮೈಕ್ರೋಪಬ್ ಎಂದೋ ಮೈಕ್ರೋಬಾರ್ ಎಂದೋ ಕರೆಯುತ್ತಾರೆ. ಪಬ್ ಎಂಬುದು ಪಬ್ಲಿಕ್ ಹೌಸ್ ಎಂಬುದರ ಮೊಟಕು ರೂಪ. ನಾಲ್ಕು ಜನರ ಮನೆ ಎಂದರ್ಥ. ಮೈಕ್ರೋ ಎಂದರೆ ಅಣು. ಹೆಸರಿಗೆ ತಕ್ಕಂತೆ, ಮೊದಲಿಗೆ ನಾವು ಹೊಕ್ಕದ್ದು ನಮ್ಮ ಶಾಲೆಯ ಉಪಾಧ್ಯಾಯರ ಕೊಠಡಿಗಿಂತ ದೊಡ್ಡದಲ್ಲ. ಟ್ರಾಮು ನಿಲ್ಲುವ ಜಾಗದ ಗಡಿಯಾರದ ಗೋಪುರದ ಹತ್ತಿರದಲ್ಲೇ ಗೂಸ್ ಗ್ರೀನ್ ಎಂಬ ಓಣಿಯಿದೆ. ಹೆಬ್ಬಾತಿನ ಬಯಲು ಎನ್ನಬಹುದು. ಹಿಂದೆ ಕೂಲಿಕಾರರ ಮನೆಗಳಿದ್ದ ಪುಟ್ಟ ಅಂಗಳ ಅದು. ಈಗ ಅಲ್ಲಿ ತಿನ್ನುವ, ಕುಡಿಯುವ, ಕೂತು ಮಾತಾಡುವ ಜಾಗಗಳು. ಸಂತೆಯ ಮನೆಯಿಂದ ಅಲ್ಲಿಗೆ ನಡೆದೆವು.

ಮೈಕ್ರೋಪಬ್ಬಿನ ಹುಟ್ಟಿನ ಕತೆಯೂ ಸ್ವಾರಸ್ಯವಾದದ್ದೇ. ಕೆಂಟ್ ಪ್ರಾಂತದ ಹರ್ನ್ ಎಂಬ ಹಳ್ಳಿಯಲ್ಲಿ ಮಾಂಸದ ಅಂಗಡಿಯೊಂದಿದ್ದ ಕೋಣೆಯಲ್ಲಿ 2005ರಲ್ಲಿ ಮಾರ್ಟಿನ್ ಹಿಲಿಯರ್ ಎಂಬುವರು ಬುಚರ್ಸ್ ಆರ್ಮ್ಸ್ ಎಂಬ ಪಬ್ಬನ್ನು ತೆರೆದರು. ಅದೇ ವರ್ಷ ಜಾರಿಗೆ ಬಂದ ಹೊಸ ಕಾನೂನು ಪರವಾನಗಿ ಕೊಡುವ ಅಧಿಕಾರವನ್ನು ನ್ಯಾಯಾಧೀಶರಿಂದ ಊರಿನ ಕೌನ್ಸಿಲ್ಲುಗಳಿಗೆ ವರ್ಗಾಯಿಸಿ, ಸಣ್ಣವರಿಗೂ ದಾರಿಯನ್ನು ಸುಗಮಗೊಳಿಸಿತ್ತು. ಅದಕ್ಕೆ ಮುಂಚೆ, 2002ರಲ್ಲಿ, ಸರ್ಕಾರವು ವರ್ಷಕ್ಕೆ ಐದು ಲಕ್ಷ ಲೀಟರಿಗೆ ಮೀರದಂತೆ ಬಿಯರ್ ತಯಾರಿಸುವ ಸಣ್ಣವರಿಗೆ ಸುಂಕದಲ್ಲಿ ಅರ್ಧ ಬಿಟ್ಟಿತ್ತು. ಹಿಲಿಯರರನ್ನು ನೋಡಿ ಇತರರೂ ಚಪ್ಪಲಿಯಂಗಡಿ, ಹೂವಿನಂಗಡಿಗಳಿದ್ದ ಕೋಣೆಗಳಲ್ಲಿ ಇಂಥವನ್ನೇ ತೆರೆದರು. 2012ರಲ್ಲಿ ಅವರದೊಂದು ಸಂಘವೂ ಆಯಿತು. ಸಂಘದ ಲಕ್ಷಣಗ್ರಂಥವನ್ನು ಕೇಳಿ: ಜಾಗ ಚಿಕ್ಕದಿರಬೇಕು, ಯಜಮಾನನು ಬಂದವರ ಮಾತನ್ನು ಕೇಳಬೇಕು, ಜನರಲ್ಲಿ ಮಾತು ಬೆಳೆಯುವಂತಿರಬೇಕು, ವಿದ್ಯುತ್ತಿನಿಂದ ಗದ್ದಲ ಮಾಡುವ ಯಾವ ಮನರಂಜನೆಯೂ ಕೂಡದು. ಟೆಲಿವಿಷನ್ ಇಲ್ಲ, ಜೂಜಿನ ಯಂತ್ರವಿಲ್ಲ, ಹಾಡಿನ ಪೆಟ್ಟಿಗೆಯಿಲ್ಲ. ನಮ್ಮ ಹಳೆಯ ಗೋಷ್ಠಿಗೆ ಲಕ್ಷಣ ಬರೆಯಲು ಕುಳಿತಿದ್ದರೆ ನಾನು ಇದಕ್ಕೆ ಹೆಚ್ಚೇನನ್ನೂ ಸೇರಿಸುತ್ತಿರಲಿಲ್ಲ.

ಆಲ್ಟ್ರಿಂಗಮಿನ ಎಲ್ಲ ಸಣ್ಣ ಬಾರುಗಳೂ ಈ ನಿಯಮವನ್ನು ಅಕ್ಷರಶಃ ಪಾಲಿಸುತ್ತಿದ್ದವೆಂದಲ್ಲ. ಒಂದೆರಡರಲ್ಲಿ ಮೆಲ್ಲನೆ ಹಾಡು ಕೇಳುತ್ತಿತ್ತು. ಆದರೆ ಎಲ್ಲಿಯೂ ಕೂಗಿ ಮಾತನಾಡುವ ಅಗತ್ಯ ಬೀಳಲಿಲ್ಲ. ಒಂದು ಮೂಲೆಯಲ್ಲಿ ಹೆಂಗಸೊಬ್ಬರು ಉಣ್ಣೆ ಹೆಣೆಯುತ್ತ ಕುಳಿತಿದ್ದರು. ಮೇಜಿನ ಕೆಳಗೊಂದು ನಾಯಿ ಮಲಗಿತ್ತು. ಅದಕ್ಕೆ ನೀರಿನ ಬಟ್ಟಲನ್ನೂ ಇಟ್ಟಿದ್ದರು. ಅದಕ್ಕಿದ್ದ ಮರ್ಯಾದೆಯನ್ನು ಕಂಡು ನನ್ನ ಸಂಕೋಚ ಸ್ವಲ್ಪ ಕಡಿಮೆಯಾಯಿತು.

ಯಜಮಾನರು ‘ತಮಗೇನು ಬೇಕು?’ ಎಂದರು. ಶಿಷ್ಯನು ನನಗಾಗಿ ಜಿಂಜರ್ ಬಿಯರ್ ಕೊಡಿರೆಂದ. ಬಿಯರ್ ಎಂಬ ಮಾತು ಕಿವಿಗೆ ಬಿದ್ದೊಡನೆ ನಾನು ಅವನ ಮುಖ ನೋಡಿದೆ. ‘ಹೆಸರು ಮಾತ್ರ ಹಾಗೆ ಮೇಷ್ಟ್ರೇ, ಬರೀ ಶುಂಠಿ ಸೋಡಾ’ ಎಂದು ಅವನು ಅಭಯ ಕೊಟ್ಟ. ಗಂಟಲಿಗೆ ಹಿತವಾಗಿತ್ತು, ಕೆಮ್ಮಿಗೆ ಶುಂಠಿ ಕಷಾಯವನ್ನು ಕುಡಿದವರಿಗೆ ಆ ರುಚಿ ಹೊಸದಲ್ಲ.

ಹತ್ತಾಗಲಿ ಹದಿನೈದಾಗಲಿ ಆಸನಗಳ ಒಂದು ಕೋಣೆ ಬಾಡಿಗೆ ಕೊಟ್ಟು ಬದುಕುವುದು ಹೇಗೆಂದು ಯಜಮಾನರನ್ನು ಕೇಳಿದೆ. ಅವರು ಉತ್ತರವನ್ನು ಪೀಪಾಯಿಯಿಂದಲೇ ಆರಂಭಿಸಿದರು. ಅವರು ಕಾಸ್ಕ್ ಏಲ್ ಎನ್ನುವ ಬಿಯರು ಪೀಪಾಯಿಗೆ ತುಂಬಿದ ಮೇಲೂ ಒಳಗೆ ಹುದುಗುತ್ತಲೇ ಇರುತ್ತದಂತೆ, ನಮ್ಮ ಇಡ್ಲಿಯ ಹಿಟ್ಟಿನ ಹಾಗೆ. ಅದಕ್ಕೆ ಗಾಳಿಯ ಒತ್ತಡ ಕೊಟ್ಟು ಉಕ್ಕಿಸುವುದಿಲ್ಲ. ನಮ್ಮ ಬೋರ್‌ವೆಲ್ಲಿನ ಕೈಪಂಪಿನಂತೆ ಹಿಡಿಯನ್ನು ಎಳೆದು ಮೇಲಕ್ಕೆ ತರುತ್ತಾರೆ. ಸಾಮಾನ್ಯವಾದ ಪೀಪಾಯಿಯಲ್ಲಿ ಒಂಬತ್ತು ಗ್ಯಾಲನ್, ಎಂದರೆ 72 ಪೈಂಟು. ಒಂದು ಪೈಂಟೆಂದರೆ 568 ಮಿಲಿಲೀಟರ್. ಪೀಪಾಯಿಯ ಬಿರಡೆ ತೆಗೆದ ಮೇಲೆ ಮೂರು ದಿನಗಳಲ್ಲಿ ಖಾಲಿಯಾಗಬೇಕು, ತಡವಾದರೆ ಹುಳಿ. ಹಾಗಾದರೆ ದಿನಕ್ಕೆ ಇಪ್ಪತ್ತನಾಲ್ಕು ಪೈಂಟು. ಒಬ್ಬನಿಗೆ ಇಪ್ಪತ್ತನಾಲ್ಕು ಪೈಂಟು ಕುಡಿಸುವುದರಿಂದ ಅಂಗಡಿ ನಡೆಯುವುದಿಲ್ಲ. ಇಪ್ಪತ್ತನಾಲ್ಕು ಜನರು ದಿನವೂ ಬಂದು ಒಂದೊಂದು ಕುಡಿದು ಹೋದರೆ ನಡೆಯುತ್ತದೆ. ‘ಕುಡಿದು ಬಿದ್ದವನು ನಾಳೆ ಬರುವುದಿಲ್ಲ, ನನಗೆ ನಾಳೆಯೂ ಬರುವವನು ಬೇಕು’ ಎಂದು ಅವರು ಹೇಳಿದ ಮಾತಿನಲ್ಲಿ ಧರ್ಮವೂ ಇತ್ತು, ಲೆಕ್ಕವೂ ಇತ್ತು.

ಎರಡನೆಯ ಬಾರಿನಲ್ಲಿ ಶಿಷ್ಯನು ಎದ್ದು ಹೋಗಿ ನನಗೆ ನಿಂಬೆಯ ಸೋಡಾವನ್ನು ತಂದಿಟ್ಟು, ತನಗೆ ಏನನ್ನೂ ತಾರದೆ ಕುಳಿತ. ಅವನ ಕಣ್ಣು ಮಾತ್ರ ಕೈಪಂಪಿನ ಕಡೆಗಿತ್ತು. ‘ನಿನಗೆ?’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿಮ್ಮೆದುರಿಗೆ ಹೇಗೆ ಮೇಷ್ಟ್ರೇ’ ಎಂದ. ಮೂವತ್ತಮೂರು ವರ್ಷದವನು, ದಿನಾ ಸಾವುಬದುಕುಗಳ ನಡುವೆ ಕೆಲಸ ಮಾಡುವವನು. ‘ದಿನವೂ ನೀನು ತೆಗೆದುಕೊಳ್ಳುವುದನ್ನೇ ತೆಗೆದುಕೋ. ನಾನು ಸುಳ್ಳು ಊರನ್ನು ನೋಡಲು ಬಂದಿಲ್ಲ’ ಎಂದೆ. ಅವನು ಅರ್ಧ ಪೈಂಟನ್ನು ತಂದುಕೊಂಡ. ಒಂದು ಗುಟುಕು ಕುಡಿದು ಲೋಟವನ್ನು ಕೆಳಗಿಟ್ಟು, ತನ್ನ ತಂದೆಯ ಮಾತನ್ನೆತ್ತಿದ.

ಅವನ ತಂದೆಯನ್ನು ನಾನು ಬಲ್ಲೆ. ಕೂಲಿ ಮಾಡುತ್ತಿದ್ದ, ಒಳ್ಳೆಯ ಕೆಲಸಗಾರ. ಸಾರಾಯಿ ಅವನನ್ನು ತಿಂದಿತು. ಹುಡುಗನ ವಿದ್ಯಾರ್ಥಿವೇತನ ಬಂದಾಗ ಅವನ ತಾಯಿ ಶಾಲೆಯ ಬಾಗಿಲಿಗೆ ಬಂದು, ‘ದುಡ್ಡನ್ನ ಹುಡುಗನ ಕೈಲಿ ಕೊಡಬೇಡಿ ಸ್ವಾಮಿ, ನಿಮ್ಮತ್ರನೇ ಮಡಗಿರಿ. ಮನೆಗೆ ಬಂದರೆ ಅದು ಪ್ಯಾಕೀಟಿಗೆ ಹೋಯ್ತದೆ’ ಎಂದು ಕೈಮುಗಿದಿದ್ದಳು. 2004ರಲ್ಲಿ, ಹುಡುಗ ಒಂಬತ್ತನೆಯ ತರಗತಿಯಲ್ಲಿದ್ದಾಗ, ಆ ಮನುಷ್ಯ ತೀರಿಕೊಂಡ.

‘ನಮ್ಮಪ್ಪ ಕೂತು ಕುಡಿದಿದ್ದನ್ನ ನಾನು ನೋಡೇ ಇಲ್ಲ ಮೇಷ್ಟ್ರೇ’ ಎಂದ ಶಿಷ್ಯ. ‘ಅಂಗಡಿ ಮುಂದೆ ನಿಂತ್ಕೋತಿದ್ದ. ಪ್ಯಾಕೆಟ್ ತುದೀನ ಹಲ್ಲಲ್ಲಿ ಕಚ್ಚಿ, ಕಣ್ಣು ಮುಚ್ಚಿ ಒಂದೇ ಸಲಕ್ಕೆ ಹುಯ್ಕೋತಿದ್ದ, ಔಷಧಿ ಕುಡಿದ ಹಾಗೆ. ರುಚಿ ಏನು ಅಂತ ಅವನಿಗೆ ಗೊತ್ತಿತ್ತೋ ಇಲ್ಲವೋ. ಯಾರ ಜೊತೆಗೂ ಮಾತಿಲ್ಲ. ಮಾತೆಲ್ಲ ಮನೆಗೆ ಬಂದಮೇಲೆ, ಅವ್ವನ ಮೇಲೆ.’

ನಾನು ಏನನ್ನೂ ಹೇಳಲಿಲ್ಲ. ಪಕ್ಕದ ಮೇಜಿನಲ್ಲಿ ಗಂಡ, ಹೆಂಡತಿ, ಗಂಡನ ತಾಯಿ ಮೂವರೂ ಕುಳಿತು ಪತ್ರಿಕೆಯ ಪದಬಂಧವನ್ನು ಬಿಡಿಸುತ್ತಿದ್ದರು. ತಾಯಿ, ಹೆಂಡತಿ, ನೆರೆಹೊರೆಯವರು ಕಾಣುವಂತೆ ಕುಡಿಯುವವನಿಗೆ ನಾಲಗೆಯ ಮೇಲೆ ಸ್ವಲ್ಪ ಹಿಡಿತ ಇದ್ದೇ ಇರುತ್ತದೆ. ನಮ್ಮ ಸಾರಾಯಿಯಂಗಡಿಯ ಮುಂದೆ ಆ ತಾಯಿ ಬಂದು ನಿಲ್ಲುವುದು ಸಾಧ್ಯವಿತ್ತೆ?

ಹಾಗಾದರೆ ಕೂತು ಕುಡಿದರೆ ಕೇಡಿಲ್ಲವೆ ಎಂದು ನೀವು ಕೇಳಬಹುದು. ನಾನೂ ಅವನನ್ನು ಹಾಗೆಯೇ ಕೇಳಿದೆ. ಆಸ್ಪತ್ರೆಯವನಲ್ಲವೆ, ಅವನ ಉತ್ತರ ನೇರವಾಗಿತ್ತು. ‘ಕೂತು ಕುಡಿದವರೂ ನಮ್ಮ ವಾರ್ಡಿಗೆ ಬರ್ತಾರೆ ಮೇಷ್ಟ್ರೇ. ಈಲಿಗೆ ಕೂತವನು ನಿಂತವನು ಅನ್ನೋ ಭೇದ ಗೊತ್ತಿಲ್ಲ. ಆದರೆ ನಾನು ನೋಡೋರಲ್ಲಿ ಬಹಳ ಜನ ಪಬ್ಬಿಗೆ ಹೋಗೋದನ್ನ ಬಿಟ್ಟವರು. ದೊಡ್ಡಂಗಡೀಲಿ ಅಗ್ಗದ ಬಾಟಲಿ ಕೊಂಡು ಮನೇಲಿ ಒಬ್ಬರೇ ಕುಡಿಯೋರು.’ ಈಲಿ ಎಂದರೆ ಯಕೃತ್ತು. ಬ್ರಿಟನ್ನಿನಲ್ಲಿ ಈಗ ಮಾರಾಟವಾಗುವ ಮದ್ಯದಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚು ಪಾಲು ಪಬ್ಬುಗಳಲ್ಲಿ ಅಲ್ಲ, ಅಂಗಡಿಗಳಲ್ಲಿ ಮಾರಾಟವಾಗುತ್ತದೆ. 2000ದಲ್ಲಿ ಅರವತ್ತು ಸಾವಿರಕ್ಕೆ ಮೇಲಿದ್ದ ಪಬ್ಬುಗಳು 2024ರ ಹೊತ್ತಿಗೆ ನಲವತ್ತೈದು ಸಾವಿರದ ಆಸುಪಾಸಿಗೆ ಇಳಿದಿವೆ. ಪಬ್ಬುಗಳು ಕಡಿಮೆಯಾದುದರಿಂದ ಕುಡಿತದ ಕೇಡು ಕಡಿಮೆಯಾಯಿತೆ? ಮದ್ಯದಿಂದಲೇ ಬರುವ ಕಾಯಿಲೆಗಳಿಂದ ಆ ದೇಶದಲ್ಲಿ 2022ರಲ್ಲಿ ಹತ್ತು ಸಾವಿರಕ್ಕೂ ಮೀರಿ ಜನ ಸತ್ತರು. ಅಲ್ಲಿಯೂ ಪಾನ ಉಳಿದು ಗೋಷ್ಠಿ ಹೋಗುತ್ತಿದೆ. ಆಲ್ಟ್ರಿಂಗಮಿನಂಥ ಕೆಲವು ಊರುಗಳು ಮಾತ್ರ ಆ ಪ್ರವಾಹಕ್ಕೆ ಎದುರಾಗಿ ಈಜುತ್ತಿವೆ.

ಈ ಎರಡರ ಭೇದ ಇಂಗ್ಲಿಷರಿಗೆ ಬಹಳ ಹಿಂದೆಯೇ ತಿಳಿದಿತ್ತು. 1751ರಲ್ಲಿ ಹೊಗಾರ್ತ್ ಎಂಬ ಚಿತ್ರಕಾರನು ಎರಡು ಚಿತ್ರಗಳನ್ನು ಅಚ್ಚು ಹಾಕಿಸಿದನು. ಒಂದರ ಹೆಸರು ಜಿನ್ನಿನ ಓಣಿ. ಅಲ್ಲಿ ತಾಯಿಯ ಮಡಿಲಿನಿಂದ ಕೂಸು ಜಾರಿ ಬೀಳುತ್ತಿದೆ, ತಾಯಿಗೆ ಪರಿವೆಯಿಲ್ಲ. ಇನ್ನೊಂದು ಬಿಯರಿನ ಬೀದಿ. ಅಲ್ಲಿ ಜನರು ಮೈತುಂಬಿಕೊಂಡು ನಗುತ್ತಿದ್ದಾರೆ. ಚಿತ್ರಕಾರನದು ಅತಿಶಯೋಕ್ತಿಯೇ ಹೌದು. ಆದರೆ ಅವನು ಕಂಡ ಜಿನ್ನಿನ ಓಣಿಯನ್ನು ನನ್ನ ಶಿಷ್ಯನೂ ಚಿಕ್ಕಂದಿನಲ್ಲಿ ಕಂಡಿದ್ದ.

ಕುಡಿತವನ್ನು ಪೂರ್ತಿಯಾಗಿ ಬಿಡಿರೆಂದು ಸಾರಿದವರೂ ಇದೇ ಸೀಮೆಯವರು. ಆಲ್ಟ್ರಿಂಗಮಿಗೆ ಉತ್ತರದಲ್ಲಿ, ಲ್ಯಾಂಕಶೈರಿನ ಪ್ರೆಸ್ಟನ್ ಎಂಬ ಊರಿದೆ. ಅಲ್ಲಿ ಜೋಸೆಫ್ ಲಿವ್ಸೀ ಎಂಬ ಚೀಸ್ ವ್ಯಾಪಾರಿಯೂ ಅವನ ಗೆಳೆಯರೂ ಸೇರಿ ಒಟ್ಟು ಏಳು ಜನರು 1832ರಲ್ಲಿ ಮದ್ಯವನ್ನು ಸಂಪೂರ್ಣವಾಗಿ ತ್ಯಜಿಸುವ ಪ್ರತಿಜ್ಞೆಗೆ ಸಹಿ ಹಾಕಿದರು. ಟೀಟೋಟಲ್ ಎಂಬ ಇಂಗ್ಲಿಷ್ ಮಾತು ಮರುವರ್ಷ ಅದೇ ಊರಿನ ಸಭೆಯಲ್ಲಿ ರಿಚರ್ಡ್ ಟರ್ನರ್ ಎಂಬ ಕೆಲಸಗಾರನ ಬಾಯಿಂದ ಬಂದು ಬಳಕೆಗೆ ನಿಂತಿತು. ಅದರ ಮೊದಲಲ್ಲಿರುವ ‘ಟೀ’ ಕುಡಿಯುವ ಚಹವಲ್ಲ. ‘ಟೋಟಲ್’ ಎಂಬುದನ್ನು ಒತ್ತಿ ಹೇಳಲು ಅದರ ಮೊದಲಕ್ಷರವನ್ನೇ ಇಮ್ಮಡಿಸಿದ್ದು. ನಮ್ಮಲ್ಲಿ ‘ನಟ್ಟನಡುವೆ’, ‘ತುತ್ತತುದಿ’ ಎನ್ನುವುದಿಲ್ಲವೆ, ಹಾಗೆ.

ಇಲ್ಲಿ ನಾವು ಗಮನಿಸಬೇಕಾದ ಒಂದು ಅಂಶವಿದೆ. ಆ ಪಾನವಿರೋಧಿಗಳು ಬರೀ ಬೇಡವೆಂದು ಹೇಳಿ ಮನೆಗೆ ಹೋಗಲಿಲ್ಲ. ಪಬ್ಬನ್ನು ಬಿಟ್ಟು ಬಂದವನು ಸಂಜೆ ಎಲ್ಲಿಗೆ ಹೋಗಬೇಕು ಎಂದು ಯೋಚಿಸಿದರು. ಮದ್ಯವಿಲ್ಲದ ಹೋಟೆಲುಗಳನ್ನೂ ವಾಚನಾಲಯಗಳನ್ನೂ ಸಭಾಮಂದಿರಗಳನ್ನೂ ತೆರೆದರು. ಥಾಮಸ್ ಕುಕ್ ಎಂಬುವನು 1841ರಲ್ಲಿ ಲೆಸ್ಟರಿನಿಂದ ಲಫ್‌ಬರೋವಿಗೆ ಜನರನ್ನು ರೈಲಿನಲ್ಲಿ ಕರೆದೊಯ್ದ ಮೊಟ್ಟಮೊದಲ ಪ್ರವಾಸವೂ ಪಾನವಿರೋಧಿಗಳ ಸಮಾವೇಶಕ್ಕಾಗಿಯೇ ಏರ್ಪಟ್ಟದ್ದು. ಪಾನವನ್ನು ತೆಗೆಯಬೇಕಾದರೆ ಗೋಷ್ಠಿಯನ್ನು ಕೊಡಬೇಕು ಎಂಬುದು ಅವರಿಗೆ ತಿಳಿದಿತ್ತು.

ನಮಗೆ ಅದು ತಿಳಿಯಿತೆ? 2007ರ ಜುಲೈ 1ರಂದು ಎರಡು ನಿಷೇಧಗಳು ಜಾರಿಗೆ ಬಂದವು. ಇಂಗ್ಲೆಂಡಿನಲ್ಲಿ ಪಬ್ಬುಗಳೊಳಗೆ ಹೊಗೆಬತ್ತಿ ಸೇದಕೂಡದೆಂದಾಯಿತು. ಕರ್ನಾಟಕದಲ್ಲಿ ಸಾರಾಯಿಯನ್ನು ನಿಷೇಧಿಸಲಾಯಿತು. ಅಲ್ಲಿ ಕೋಣೆಯ ಗಾಳಿಯನ್ನು ಶುದ್ಧಮಾಡಿ ಕೋಣೆಯನ್ನು ಉಳಿಸಿಕೊಂಡರು. ಇಲ್ಲಿ ಸಾರಾಯಿಯ ಪ್ಯಾಕೆಟ್ಟು ಹೋಗಿ ಅಗ್ಗದ ಮದ್ಯದ ರಟ್ಟಿನ ಪೊಟ್ಟಣ ಬಂತು. ಹಳ್ಳಿಯ ಸುತ್ತಿನಲ್ಲಿ ಅದನ್ನು ಮಾರುವ ಅಂಗಡಿಗಳು ಬಹುಮಟ್ಟಿಗೆ ಕೊಂಡು ಹೋಗುವ ಅಂಗಡಿಗಳು, ಅಲ್ಲಿ ಕೂರುವಂತಿಲ್ಲ. ಕೊಂಡವನು ಕೆರೆಯ ಏರಿಯ ಮೇಲೆಯೋ ಗದ್ದೆಯ ಬದುವಿನ ಮೇಲೆಯೋ ನಮ್ಮ ಶಾಲೆಯ ಕಾಂಪೌಂಡಿನ ಹಿಂದೆಯೋ ಅದನ್ನು ಮುಗಿಸುತ್ತಾನೆ. ಸೋಮವಾರ ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಆ ಪೊಟ್ಟಣಗಳನ್ನು ಹೆಕ್ಕುವವರು ಯಾರೆಂಬುದನ್ನು ಉಪಾಧ್ಯಾಯರಾದ ಕೇಳುಗರಿಗೆ ನಾನು ಹೇಳಬೇಕಾಗಿಲ್ಲ.

ಆಲ್ಟ್ರಿಂಗಮನ್ನು ಹೊಗಳಿದ್ದು ಅತಿಯಾಯಿತೆಂದು ನಿಮಗೆ ಅನ್ನಿಸುವ ಮುಂಚೆ ಅದರ ಇನ್ನೊಂದು ಮುಖವನ್ನೂ ತೋರಿಸುತ್ತೇನೆ. ಕೊನೆಗೆ ನಾವು ಹೋದದ್ದು ಹಳೆಯ ಸಂತೆಯ ಚೌಕಕ್ಕೆ. ಅಲ್ಲಿನ ಓಲ್ಡ್ ಮಾರ್ಕೆಟ್ ಟ್ಯಾವರ್ನ್ ಎಂಬ ಕಪ್ಪುಬಿಳುಪು ಪಟ್ಟೆಗಳ ಕಟ್ಟಡ ಕುದುರೆಗಾಡಿಗಳ ಕಾಲದ ಪ್ರಯಾಣಿಕರ ತಂಗುದಾಣ. ಅಲ್ಲಿ ನಮ್ಮ ಪಕ್ಕದಲ್ಲಿ ಕುಳಿತಿದ್ದ ನಿವೃತ್ತ ಕಾರ್ಖಾನೆಯ ಕೆಲಸಗಾರರೊಬ್ಬರು ನನ್ನ ಉತ್ಸಾಹಕ್ಕೆ ಸ್ವಲ್ಪ ತಣ್ಣೀರು ಹಾಕಿದರು. ಊರು ಬದುಕಿದ್ದು ನಿಜ. ಆದರೆ ಬದುಕಿದ ಊರಿನಲ್ಲಿ ಬದುಕುವುದು ದುಬಾರಿಯಾಯಿತು. ಬಾಡಿಗೆ ಏರಿತು. ಅವರ ಮಗಳು ಇದೇ ಊರಿನಲ್ಲಿ ಮನೆ ಮಾಡಲಾರದೆ ದೂರ ಹೋಗಿದ್ದಾಳೆ. ಒಂದು ಪೈಂಟಿಗೆ ಆಗ ಐದು ಪೌಂಡಿನ ಆಸುಪಾಸಿತ್ತು, ಎಂದರೆ ಆಗಿನ ನಮ್ಮ ಐನೂರು ರೂಪಾಯಿ. ಆ ಸಂತೆಯ ಮನೆಯ ಉದ್ದನೆಯ ಮೇಜಿನಲ್ಲಿ ಕೂರಲು ಯಾರೂ ಅಡ್ಡಿಮಾಡುವುದಿಲ್ಲ, ತಿನ್ನಲು ಮಾತ್ರ ಜೇಬು ನೋಡಿಕೊಳ್ಳಬೇಕು ಎಂದರು ಅವರು. ‘ನಾನು ಇಲ್ಲಿಗೆ ವಾರಕ್ಕೊಮ್ಮೆ ಬಂದು ಒಂದೇ ಒಂದು ತೆಗೆದುಕೊಂಡು ಎರಡು ಗಂಟೆ ಕೂರುತ್ತೇನೆ, ಏಳು ಎಂದು ಯಾರೂ ಹೇಳಿಲ್ಲ’ ಎಂದೂ ಸೇರಿಸಿದರು. ದೂರು, ಮೆಚ್ಚಿಗೆ ಎರಡೂ ಆ ಒಂದೇ ಲೋಟದ ಮೇಲೆ ನಿಂತಿದ್ದವು.

ನಾವು ಟ್ರಾಮಿಗೆ ಹಿಂದಿರುಗುವಾಗ ಗಂಟೆ ಏಳಾಗಿದ್ದರೂ ಬಿಸಿಲಿತ್ತು. ಶಿಷ್ಯನು ಒಟ್ಟು ಒಂದೂವರೆ ಪೈಂಟು ಕುಡಿದಿದ್ದ. ನಾನು ಎಣಿಸಿದ್ದೆ, ನಾನು ಎಣಿಸುತ್ತಿದ್ದೇನೆಂಬುದು ಅವನಿಗೂ ಗೊತ್ತಿತ್ತು. ನಿಲ್ದಾಣದಲ್ಲಿ ಮೆಲ್ಲನೆ, ‘ಅವ್ವನಿಗೆ ಹೇಳಬೇಡಿ ಮೇಷ್ಟ್ರೇ’ ಎಂದ. ‘ನಾನು ಹೇಳುವುದಿಲ್ಲ, ನೀನೇ ಹೇಳಬೇಕು’ ಎಂದೆ. ಈ ಭಾಷಣಕ್ಕೆ ಅವನ ಒಪ್ಪಿಗೆ ಕೇಳಿದಾಗ ನಾನು ಹಾಕಿದ ಷರತ್ತು ಅದೇ. ಮೊದಲು ತಾಯಿಗೆ ತಿಳಿಯಬೇಕು, ಆಮೇಲೆ ರೇಡಿಯೋ.

ಹೋದ ತಿಂಗಳು ಅವನು ಫೋನಿನಲ್ಲಿ ತಾಯಿಗೆ ಹೇಳಿದ. ಇದ್ದದ್ದನ್ನು ಇದ್ದ ಹಾಗೆ, ಮೇಜು, ಬೆಂಚು, ನಾಯಿ, ಪದಬಂಧ ಎಲ್ಲವನ್ನೂ ವಿವರಿಸಿದನಂತೆ. ಆಕೆ ಎಲ್ಲವನ್ನೂ ಕೇಳಿ ಕೊನೆಗೆ ಒಂದೇ ಪ್ರಶ್ನೆ ಹಾಕಿದಳು: ‘ಅಲ್ಲಿ ಬಿದ್ದರೆ ನಿನ್ನ ಯಾರು ಎತ್ಕೊಂಡು ಬತ್ತಾರೆ ಮಗ?’ ಇಪ್ಪತ್ತು ವರ್ಷ ಗಂಡನನ್ನು ಎತ್ತಿಕೊಂಡು ಬಂದವಳು ಕೇಳಿದ ಆ ಪ್ರಶ್ನೆಗೆ ಅವನ ಬಳಿ ಉತ್ತರವಿರಲಿಲ್ಲ. ಮೈಕ್ರೋಪಬ್ಬಿನ ಲಕ್ಷಣಗ್ರಂಥದಲ್ಲಿಯೂ ಇಲ್ಲ. ಈಗ ಅವನು ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಾನೆ, ಹೋಗಿ ಬಂದ ಮೇಲೆ ತಾಯಿಗೆ ಫೋನು ಮಾಡುತ್ತಾನೆ. ಆಕೆ ಮಗನ ದನಿಯನ್ನು ಕೇಳಿ ತೂಗಿ ನೋಡುತ್ತಾಳೆ.

ಆ ತಾಯಿಯ ಪ್ರಶ್ನೆಯನ್ನು ಮರೆಯದೆ, ಆ ಊರಿನಿಂದ ನಾವು ತರಬಹುದಾದದ್ದು ಏನು ಎಂದು ಯೋಚಿಸೋಣ. ಪೀಪಾಯಿಯನ್ನು ಅಲ್ಲಿಯೇ ಬಿಟ್ಟುಬರೋಣ, ಬೆಂಚನ್ನು ತರೋಣ. ನಮ್ಮ ತಾಲ್ಲೂಕು ಊರುಗಳ ಸಂತೆಮಾಳಗಳಲ್ಲಿ ವಾರದಲ್ಲಿ ಆರು ದಿನ ನಾಯಿಗಳು ಮಲಗಿರುತ್ತವೆ. ಹಳೆಯ ಅರಳಿಕಟ್ಟೆಗಳ ಮೇಲೆ ಜಾಹಿರಾತಿನ ಹಲಗೆಗಳು ಎದ್ದಿವೆ. ಹೋಟೆಲಿನಲ್ಲಿ ಕಾಫಿ ಮುಗಿಯುವ ಮುಂಚೆಯೇ ಮಾಣಿ ಬಿಲ್ಲನ್ನು ತಂದು ಲೋಟದ ಪಕ್ಕಕ್ಕಿಡುತ್ತಾನೆ. ಕೆಲಸ ಮುಗಿಸಿದ ಕೂಲಿಯವನು ಹೆಂಡತಿಮಕ್ಕಳೊಡನೆ ಹೋಗಿ, ಎರಡು ಗಂಟೆ ಕುಳಿತು, ಹತ್ತು ರೂಪಾಯಿ ಕೊಟ್ಟು, ಮರ್ಯಾದೆಯಿಂದ ಎದ್ದು ಬರುವಂಥ ಒಂದು ಜಾಗವನ್ನು ನಿಮ್ಮ ಊರಿನಲ್ಲಿ ತೋರಿಸಬಲ್ಲಿರಾ? ಬಲ್ಲಿರಾದರೆ ಅದನ್ನು ಕಾಪಾಡಿಕೊಳ್ಳಿ. ಇಲ್ಲವಾದರೆ ನಿಮ್ಮ ಪಂಚಾಯಿತಿಯ ಮುಂದಿನ ಸಭೆಯಲ್ಲಿ ಒಂದು ಮೇಜು, ನಾಲ್ಕು ಬೆಂಚು, ಒಂದು ದೀಪ, ಒಂದು ಕಾಫಿಯ ಒಲೆ, ಇಷ್ಟನ್ನು ಕೇಳಿ. ಹೆಚ್ಚು ಹಣ ಬೇಕಾಗುವ ಕೆಲಸವಲ್ಲ. ಕೇಳುವವರಿಲ್ಲದ್ದರಿಂದ ಆಗದೆ ಉಳಿದಿರುವ ಕೆಲಸ.